ಅಂಗಳಕ್ಕೆ ಬಂದ ಸುಗ್ಗಿ

ನಮ್ಮ ಮನೆಯ ಅಂಗಳದಲ್ಲಿ ಐವತ್ತೊಂಬತ್ತು ವರ್ಷ ಸುಗ್ಗಿಯವರು ಕುಣಿದಿರಲಿಲ್ಲ. ಹೋಳಿ ಹುಣ್ಣಿಮೆ ಸಮೀಪಿಸಿತೆಂದರೆ ಅಂಕೋಲೆಯ ಸುತ್ತಲಿನ ಹಾಲಕ್ಕಿ ಕೊಪ್ಪಗಳಿಂದ ಗುಮಟೆಯ ದನಿ ಎದ್ದು ಗದ್ದೆಬಯಲನ್ನು ದಾಟಿ ಬರುತ್ತದೆ. ನೆರೆಮನೆಯ ಅಂಗಳದಲ್ಲಿ ಮನದಣಿಯೆ ಕುಣಿದ ಮೇಳ, ನಮ್ಮ ದಣಪೆಯ ಮುಂದೆ ಬಂದಾಗ ಮಾತ್ರ ಗುಮಟೆಯನ್ನು ತಗ್ಗಿಸಿ, ತಲೆ ಬಾಗಿಸಿಕೊಂಡು ಮುಂದಕ್ಕೆ ಸಾಗುತ್ತಿತ್ತು. ಇದು ಯಾರೂ ಬರೆದಿಟ್ಟ ಕಟ್ಟಳೆಯಲ್ಲ. ನಮ್ಮ ತಂದೆಯವರು ೧೯೬೬ರಲ್ಲಿ ಒಮ್ಮೆ ಕೈಮುಗಿದು ಬೇಡಿಕೊಂಡದ್ದು. ತಂದೆಯವರು ತೀರಿಹೋದ ಮೇಲೂ ಆ ಜನ ಅದನ್ನು ಮರೆಯದೆ ನಡೆಸಿಕೊಂಡು ಬಂದರು.

ಘಟ್ಟದ ಮೇಲಿನ ವಾಚಕರಿಗೆ ಸುಗ್ಗಿಯೆಂದರೆ ಸಂಕ್ರಾಂತಿ, ಎಳ್ಳುಬೆಲ್ಲ. ನಮ್ಮ ಕಡೆ ಸುಗ್ಗಿಯೆಂದರೆ ಫಾಲ್ಗುಣ ಮಾಸದ ಕುಣಿತ. ಹಾಲಕ್ಕಿ ಒಕ್ಕಲಿಗರ ಗಂಡಸರು ಬಣ್ಣದ ಕಾಗದ, ಬೆಂಡು, ಜರಿಗಳಿಂದ ಕಟ್ಟಿದ ತುರಾಯಿಯನ್ನು ತಲೆಗೇರಿಸಿ, ಕೋಲನ್ನೂ ನವಿಲುಗರಿಯ ಕುಂಚವನ್ನೂ ಹಿಡಿದು, ಮನೆ ಮನೆಯ ಅಂಗಳದಲ್ಲಿ ಸುತ್ತುಗಟ್ಟಿ ಕುಣಿಯುತ್ತಾರೆ. ಗುಮಟೆಯೆಂದರೆ ಎರಡೂ ಕಡೆ ಬಾಯಿಯುಳ್ಳ ಮಣ್ಣಿನ ಗಡಿಗೆ. ಒಂದು ಬಾಯಿಗೆ ಚರ್ಮ ಬಿಗಿದಿರುತ್ತದೆ. ಇನ್ನೊಂದನ್ನು ಅಂಗೈಯಿಂದ ಮುಚ್ಚಿ ತೆರೆದು ದನಿಯನ್ನು ಏರಿಸುತ್ತಾರೆ, ಇಳಿಸುತ್ತಾರೆ. ಹಿಂದೆ ಉಡದ ಚರ್ಮವೇ ಆಗಬೇಕೆಂದಿತ್ತು. ಈಗ ಉಡವನ್ನು ಕೊಲ್ಲುವುದು ಅಪರಾಧ, ಸರಿಯೂ ಹೌದು. ಆಡಿನ ಚರ್ಮದಲ್ಲಿ ಆ ಗುಂಗು ಬರುವುದಿಲ್ಲವೆಂದು ಹಳಬರು ಗೊಣಗುವುದನ್ನೂ ಕೇಳಿದ್ದೇನೆ.

೧೯೬೬ರಲ್ಲಿ ನನಗೆ ಹನ್ನೆರಡು ವರ್ಷ, ತಮ್ಮನಿಗೆ ಒಂಬತ್ತು. ಅವನೊಬ್ಬನೇ ಗಂಡುಮಗ. ಮೂರನೆಯ ವರ್ಷದಿಂದಲೂ ಅವನ ಮೊಣಕಾಲು ಬಾತುಕೊಳ್ಳುತ್ತಿತ್ತು. ಕೆಲವರು ವಾಯುವೆಂದರು, ಕೆಲವರು ಗ್ರಹಚಾರವೆಂದರು. ಅವ್ವ ಹರಕೆಗಳನ್ನು ಹೊತ್ತಳು. ರಾತ್ರಿಯಿಡೀ ಕುಳಿತು ಬಿಸಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ತಿಕ್ಕಿದಷ್ಟೂ ಬಾವು ಏರುತ್ತಿತ್ತು. ಬಾವು ಇಳಿದ ದಿನಗಳಲ್ಲಿ ಅವನನ್ನು ಹಿಡಿಯುವವರಿರಲಿಲ್ಲ. ಆ ವರ್ಷ ಸುಗ್ಗಿಯವರು ನಮ್ಮ ಅಂಗಳದಲ್ಲಿ ಕುಣಿಯುವಾಗ ಅವನೂ ಸುತ್ತಿನೊಳಗೆ ನುಗ್ಗಿದ. ತರುಣನೊಬ್ಬ ನಗುತ್ತ ಅವನ ಕೈ ಹಿಡಿದುಕೊಂಡ. ಎರಡು ಸುತ್ತು ಚೆನ್ನಾಗಿಯೇ ಕುಣಿದ. ಮೂರನೆಯದರಲ್ಲಿ ಕಾಲು ತೊಡರಿ ಹಣೆ ತುಳಸಿಕಟ್ಟೆಯ ಅಂಚಿಗೆ ತಾಗಿತು. ಎದ್ದು ನಿಂತು, ಎಲ್ಲರೂ ತನ್ನನ್ನೇ ನೋಡುತ್ತಿರುವರೆಂದು ನಾಚಿ ನಕ್ಕ. ರಕ್ತ ಒಂದು ಹನಿಯೂ ಬಂದಿರಲಿಲ್ಲ. ರಾತ್ರಿ ತಲೆನೋವೆಂದ. ಮರುದಿನ ವಾಂತಿ. ಮೂರನೆಯ ದಿನ ಬೆಳಕು ಹರಿಯುವ ಮೊದಲೇ ಹೋಗಿಬಿಟ್ಟ.

ಈ ಸಂಗತಿಯನ್ನು ನಮ್ಮ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ನಾನು ಓದಿದೆ, ಕನ್ನಡ ಶಾಲೆಯಲ್ಲಿ ಮೂವತ್ತಾರು ವರ್ಷ ಕಲಿಸಿದೆ, ಅಕ್ಕೋರು ಎನ್ನಿಸಿಕೊಂಡೆ. ತಂದೆಯವರ ಅನಂತರ ಈ ಮನೆ ನನ್ನ ಪಾಲಿಗೆ ಬಂತು. ತುಳಸಿಕಟ್ಟೆಯನ್ನು ಮಾತ್ರ ಅಂಚು ದುಂಡಗಾಗುವಂತೆ ಕಟ್ಟಿಸಿದೆ.

ಮಗಳ ಮಗ ಹುಟ್ಟಿದ್ದು ೨೦೧೫ರಲ್ಲಿ. ಅಂಬೆಗಾಲಿಡಲು ತೊಡಗಿದಾಗ ಅವನ ಮೊಣಕಾಲು, ಎದೆ, ಕೈಗಳ ಮೇಲೆ ನೀಲಿಯ ಕಲೆಗಳು ಕಾಣಿಸಿದವು. ಎತ್ತಿಕೊಂಡವರ ಬೆರಳಿನ ಗುರುತೂ ನೀಲಿಯಾಗಿ ಮೂಡುತ್ತಿತ್ತು. ತೆರೆದು ಹೇಳುವುದಾದರೆ, ನಾನು ಮೊದಲು ಸಂಶಯಪಟ್ಟದ್ದು ಮಗುವನ್ನು ನೋಡಿಕೊಳ್ಳಲು ಬರುತ್ತಿದ್ದ ಹುಡುಗಿಯನ್ನು. ಆ ಪಾಪ ಇನ್ನೂ ನನ್ನನ್ನು ಚುಚ್ಚುತ್ತದೆ. ಮಣಿಪಾಲಕ್ಕೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿದೆವು. ಡಾಕ್ಟರು ಒಂದು ಕಾಗದದ ಮೇಲೆ ಚೌಕ, ವೃತ್ತಗಳನ್ನು ಬರೆದು ನಮ್ಮ ವಂಶವೃಕ್ಷವನ್ನು ಬಿಡಿಸುತ್ತ, “ನಿಮ್ಮ ತವರಿನಲ್ಲಿ ಯಾವ ಗಂಡುಮಗುವಾದರೂ ರಕ್ತ ಹೋಗಿ ತೀರಿಕೊಂಡದ್ದುಂಟೇ?” ಎಂದು ನನ್ನನ್ನು ಕೇಳಿದರು. “ಇಲ್ಲ” ಎಂದೆ. ಅದು ಸುಳ್ಳಾಗಿರಲಿಲ್ಲ. ಬಸ್ಸಿನಲ್ಲಿ ಹಿಂದಿರುಗುವಾಗ, ಕುಂದಾಪುರ ದಾಟಿದ ಮೇಲೆ, ನನ್ನ ಎದೆ ಧಸಕ್ಕೆಂದಿತು. ರಕ್ತ ಹೊರಗೇ ಬರಬೇಕೆಂದೇನಿದೆ?

ಕಾಯಿಲೆಯ ಹೆಸರು ಹಿಮೋಫಿಲಿಯಾ. ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳಲ್ಲಿ ಎಂಟನೆಯದು ಈ ಮಕ್ಕಳಲ್ಲಿ ಇಲ್ಲ, ಅಥವಾ ಇದ್ದೂ ಇಲ್ಲದಷ್ಟು. ನಮ್ಮ ಹುಡುಗನಲ್ಲಿ ಶೇಕಡಾ ಒಂದಕ್ಕೂ ಕಡಮೆ. ಸುಮಾರು ಐದು ಸಾವಿರ ಗಂಡುಮಕ್ಕಳಲ್ಲಿ ಒಬ್ಬನಿಗೆ ಬರುವ ಕಾಯಿಲೆ ಇದು. ಚರ್ಮ ಕೊಯ್ದುಕೊಂಡರೆ ಹೆದರಿಕೆ ಅಷ್ಟಿಲ್ಲ. ಹೆದರಿಕೆ ಇರುವುದು ಒಳಗೆ, ಮೊಣಕಾಲು, ಹರಡು, ಮೊಣಕೈಗಳ ಕೀಲಿನಲ್ಲಿ, ಎಲ್ಲಕ್ಕಿಂತ ಮಿಗಿಲಾಗಿ ತಲೆಯಲ್ಲಿ. ಇನ್ನೊಂದು ಮಾತು: ಕಾಯಿಲೆ ಅನುಭವಿಸುವವರು ಬಹುತೇಕ ಗಂಡುಮಕ್ಕಳಾದರೂ ಅದನ್ನು ಹೊತ್ತು ತರುವವರು ತಾಯಂದಿರು. ಅವ್ವನಿಂದ ನನಗೆ, ನನ್ನಿಂದ ಮಗಳಿಗೆ, ಅವಳಿಂದ ಮಗುವಿಗೆ. ಹೊತ್ತವಳ ಪ್ರತಿಯೊಬ್ಬ ಮಗನಿಗೂ ಬರುವ ಸಂಭವ ಅರ್ಧಕ್ಕರ್ಧ. ಕಾಗದದ ಮೇಲೆ ನನ್ನ ವೃತ್ತದ ನಡುವೆ ಡಾಕ್ಟರು ಒಂದು ಚುಕ್ಕೆಯಿಟ್ಟಿದ್ದರು. ಎಪ್ಪತ್ತರ ವಯಸ್ಸಿನಲ್ಲಿಯೂ ಆ ಚುಕ್ಕೆ ನನ್ನ ಕಣ್ಣ ಮುಂದಿನಿಂದ ಹೋಗಿಲ್ಲ.

ಆಮೇಲೆ ಓದುತ್ತ ತಿಳಿದ ಒಂದು ಸಂಗತಿ ನನ್ನ ನಿದ್ದೆಯನ್ನು ಕೆಡಿಸಿತು. ಹೆಪ್ಪಿನ ಅಂಶವನ್ನು ದಾನಿಯ ರಕ್ತದಿಂದ ಸುಲಭವಾಗಿ ಬೇರ್ಪಡಿಸುವ ಉಪಾಯವನ್ನು ಅಮೆರಿಕದ ಜುಡಿತ್ ಪೂಲ್ ಎಂಬ ವಿಜ್ಞಾನಿ ಪ್ರಕಟಿಸಿದ್ದು ೧೯೬೪ರಲ್ಲಿ. ನನ್ನ ತಮ್ಮ ಬಿದ್ದದ್ದು ಅದಾದ ಎರಡು ವರ್ಷಕ್ಕೆ. ಕ್ಯಾಲಿಫೋರ್ನಿಯಾದಿಂದ ಅಂಕೋಲೆಗೆ ಆ ಸುದ್ದಿ ಬರಲು ಎಷ್ಟು ವರ್ಷ ಹಿಡಿದಿರಬಹುದೆಂದು ಲೆಕ್ಕ ಹಾಕುತ್ತ ಎಷ್ಟೋ ರಾತ್ರಿ ಕಳೆದಿದ್ದೇನೆ. ಈಗ ಆ ಅಂಶ ಪುಡಿಯ ರೂಪದಲ್ಲಿ ಚಿಕ್ಕ ಸೀಸೆಯಲ್ಲಿ ಬರುತ್ತದೆ. ನೀರು ಬೆರೆಸಿ ನರಕ್ಕೆ ಚುಚ್ಚುತ್ತಾರೆ. ನಮ್ಮವನಿಗೆ ವಾರಕ್ಕೆ ಎರಡು ಸಲ. ಸರಕಾರದ ಕಡೆಯಿಂದ ಉಚಿತವಾಗಿ ಸಿಗುತ್ತದೆ. ತೀರಿಹೋಗಿದೆ, ಮುಂದಿನ ವಾರ ಬನ್ನಿ ಎನ್ನಿಸಿಕೊಂಡ ದಿನಗಳೂ ಉಂಟು. ೨೦೨೪ರ ಜುಲೈ ೧೬ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ದಾರಿ ಬಹುದಿನ ಮುಚ್ಚಿದಾಗ, ದಕ್ಷಿಣದ ಕಡೆಗೆ ಆಸ್ಪತ್ರೆಗೆ ಹೋಗುವವರು ಅಂಕೋಲೆಯಲ್ಲಿಯೇ ಸಿಕ್ಕಿಬಿದ್ದರು. ನಾನು ತಂಪುಪೆಟ್ಟಿಗೆಯ ಬಾಗಿಲು ತೆರೆದು ಉಳಿದ ಸೀಸೆಗಳನ್ನು ಎಣಿಸಿದೆ. ಮೂರಿದ್ದವು. ಅಲ್ಲಿ ಮಣ್ಣಿನಡಿ ಸಿಲುಕಿದವರ ಮನೆಯವರು ಗಂಗಾವಳಿಯ ದಂಡೆಯಲ್ಲಿ ನಿಂತಿದ್ದರು. ನನ್ನ ಎಣಿಕೆ ಅವರ ದುಃಖದ ಮುಂದೆ ಏನೂ ಅಲ್ಲ. ಆದರೂ ಎಣಿಸಿದೆ.

ರಷ್ಯದ ಕೊನೆಯ ಚಕ್ರವರ್ತಿಯ ಮಗ ಅಲೆಕ್ಸಿಗೂ ಇಂಥದೇ ಕಾಯಿಲೆ. ವಿಕ್ಟೋರಿಯಾ ರಾಣಿಯ ವಂಶದಿಂದ ಇಳಿದು ಬಂದದ್ದು. ಅವನು ಬೀಳದಂತೆ ಕಾಯಲು ಇಬ್ಬರು ನಾವಿಕರನ್ನು ನೇಮಿಸಿದ್ದರಂತೆ. ನಮ್ಮ ಮನೆಯಲ್ಲಿ ಆ ಇಬ್ಬರು ನಾವಿಕರ ಕೆಲಸವನ್ನೂ ನಾನೊಬ್ಬಳೇ ಮಾಡಿದೆ. ಮೊಮ್ಮಗನನ್ನು ಓಡಗೊಡಲಿಲ್ಲ, ಮರ ಹತ್ತಗೊಡಲಿಲ್ಲ. ಜಗಲಿಯ ಅಂಚಿಗೆ ಹಳೆಯ ಹಾಸಿಗೆ ಕಟ್ಟಿದೆ. ಶಾಲೆಯಲ್ಲಿ ಕವಾಯತಿನ ವೇಳೆಗೆ ಅವನು ತರಗತಿಯೊಳಗೇ ಇರುವಂತೆ ಮಾಡಿದೆ. ಸುಗ್ಗಿಯ ದಿನಗಳಲ್ಲಿ ಗುಮಟೆಯ ಸದ್ದು ಕೇಳಿದೊಡನೆ ಟೆಲಿವಿಷನ್ನಿನ ದನಿಯನ್ನು ಹೆಚ್ಚಿಸುತ್ತಿದ್ದೆ.

೨೦೨೪ರ ದೀಪಾವಳಿಯ ಸುಮಾರಿಗೆ ಕಾರವಾರದ ಡಾಕ್ಟರೊಬ್ಬರು ಹುಡುಗನ ತೊಡೆಗಳನ್ನು ಟೇಪಿನಿಂದ ಅಳೆದರು. ಎಡದ ತೊಡೆ ಬಲದ್ದಕ್ಕಿಂತ ಎರಡು ಸೆಂಟಿಮೀಟರು ಸಣ್ಣಗಾಗಿತ್ತು. “ಅಜ್ಜೀ, ಇದು ಕಾಯಿಲೆ ಮಾಡಿದ್ದಲ್ಲ, ಕುಳಿತು ಕುಳಿತು ಆದದ್ದು,” ಎಂದರು. ಕೀಲನ್ನು ಕಾಯುವುದು ಅದರ ಸುತ್ತಲಿನ ಸ್ನಾಯು. ಸ್ನಾಯು ಸೊರಗಿದರೆ ಸಣ್ಣ ತಿರುಚಿಗೂ ಕೀಲಿನೊಳಗೆ ರಕ್ತ ಸೋರುತ್ತದೆ. ಮೊದಲೆಲ್ಲ ಈ ಮಕ್ಕಳಿಗೆ ವಿಶ್ರಾಂತಿಯೇ ಮದ್ದೆನ್ನುತ್ತಿದ್ದರು. ಈಗ ನಡೆಯಲಿ, ಈಜಲಿ ಎನ್ನುತ್ತಾರೆ. ಸ್ನಾಯು ಬಲಿಯಬೇಕು, ಪೆಟ್ಟು ಮಾತ್ರ ತಗಲಬಾರದು. ಹುಡುಗನೇ ಕೇಳಿದ: “ಸುಗ್ಗಿ ಕುಣಿಬಹುದಾ ಸರ್?” ಡಾಕ್ಟರು ನಕ್ಕು, ಜಿಗಿಯದೆ ಕುಣಿಯುವುದಾದರೆ ಕುಣಿಯಪ್ಪ, ಚುಚ್ಚುಮದ್ದು ಕೊಟ್ಟ ದಿನವೇ ಕುಣಿ, ಎಂದರು. ಅಂಗಡಿಯವನು ಮಿಠಾಯಿ ಕೊಟ್ಟಷ್ಟು ಸಲೀಸಾಗಿ ಹೇಳಿಬಿಟ್ಟರು. ನನ್ನ ಕಾಲ ಕೆಳಗಿನ ನೆಲವೇ ಸರಿದಂತಾಯಿತು.

ಆಸ್ಪತ್ರೆಯ ಬೆಂಚೆಂಬುದು ಒಂದು ಊರು. ತಿಂಗಳುಗಟ್ಟಲೆ ಅದೇ ಬೆಂಚಿನಲ್ಲಿ ಕುಳಿತವರು ನೆಂಟರಾಗಿಬಿಡುತ್ತಾರೆ. ನಮಗೆ ಹಾಗೆ ಸಿಕ್ಕವರಲ್ಲಿ ಕಾರವಾರದ ಮೀನುಗಾರರ ಮನೆಯ ಹನ್ನೊಂದು ವರ್ಷದ ಹುಡುಗಿಯೊಬ್ಬಳು. ಅವಳಿಗೆ ಥಲಸೇಮಿಯಾ, ಮೂರು ನಾಲ್ಕು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಿಸಲೇಬೇಕು. ಇನ್ನೊಬ್ಬ ನಮ್ಮ ತಾಲೂಕಿನವನೇ, ಹದಿಮೂರು ವರ್ಷದವನು, ಡುಶೆನ್ ಎಂಬ ಸ್ನಾಯುಕ್ಷಯದವನು. ಅದೂ ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುವಂಥದು. ಎರಡು ವರ್ಷದ ಹಿಂದಿನವರೆಗೂ ನಡೆಯುತ್ತಿದ್ದವನು ಈಗ ಗಾಲಿಕುರ್ಚಿಯಲ್ಲಿದ್ದಾನೆ. ೨೦೨೧ರಲ್ಲಿ ಕೇಂದ್ರ ಸರಕಾರ ಅಪರೂಪದ ರೋಗಗಳಿಗೆಂದು ರಾಷ್ಟ್ರೀಯ ನೀತಿಯೊಂದನ್ನು ತಂದಿತು. ಅದರ ಪ್ರಕಾರ ಜಗತ್ತಿನಲ್ಲಿ ಇಂಥ ರೋಗಗಳು ಏಳೆಂಟು ಸಾವಿರವಂತೆ. ಒಂದೊಂದೂ ಅಪರೂಪ, ಎಲ್ಲ ಕೂಡಿದರೆ ಬೆಂಚು ತುಂಬುತ್ತದೆ.

ಆ ಬೆಂಚಿನ ಮೇಲೆಯೇ ನಮ್ಮ ಹುಡುಗ ಸುಗ್ಗಿಯ ಸುದ್ದಿ ತೆಗೆದದ್ದು. ಗಾಲಿಕುರ್ಚಿಯ ಹುಡುಗ ಉಕ್ಕಿನ ತೋಳನ್ನು ಬೆರಳಿನಿಂದ ತಟ್ಟಿ ಗುಮಟೆಯ ಗತ್ತನ್ನು ಹಾಗೆಯೇ ನುಡಿಸಿ ತೋರಿಸಿದ. ಹುಡುಗಿ ತಾನು ಫುಗಡಿ ಹಾಕಬಲ್ಲೆನೆಂದಳು. ರಕ್ತ ಏರಿಸಿದ ವಾರ ಹತ್ತು ಸುತ್ತು, ಕೊನೆಯ ವಾರ ಒಂದೇ ಸುತ್ತಿಗೆ ಉಬ್ಬಸ, ಎಂದು ಲೆಕ್ಕ ಒಪ್ಪಿಸಿದಳು. ನರ್ಸ್ ಬಂದು ಗದರುವವರೆಗೂ ಗಲಾಟೆ ನಡೆಯಿತು. ನನ್ನ ಮಗಳು ನನ್ನ ಕಡೆ ನೋಡಿದಳು. ನಾನು ಕಿಟಕಿಯಾಚೆ ಸಮುದ್ರವನ್ನು ನೋಡಿದೆ.

ಮಗಳು ಹಟಗಾರ್ತಿ. ಬೆಂಗಳೂರಿನ ಸೈಯದ್ ಸಲ್ಲಾವುದ್ದೀನ್ ಪಾಷಾ ಅವರು ಗಾಲಿಕುರ್ಚಿಯಲ್ಲಿ ಕುಳಿತವರಿಗೆ ಭರತನಾಟ್ಯ ಕಲಿಸಿ ರಂಗದ ಮೇಲೆ ಬುಗುರಿಯಂತೆ ತಿರುಗಿಸಿದ್ದನ್ನು ಫೋನಿನಲ್ಲಿ ತೋರಿಸಿದಳು. ದಾವಣಗೆರೆಯಲ್ಲಿ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿದ ಡಾಕ್ಟರ್ ಸುರೇಶ ಹನಗವಾಡಿಯವರಿಗೂ ಇದೇ ಕಾಯಿಲೆಯಿದೆಯೆಂಬುದನ್ನು ನೆನಪಿಸಿದಳು. ನಾನು ಯಾವುದಕ್ಕೂ ಜಗ್ಗಲಿಲ್ಲ. ಕೊನೆಗೆ ಅವಳು ನನ್ನನ್ನು ಕೇಳದೆಯೇ, ಹತ್ತಿರದ ಕೊಪ್ಪದ ಮುದುಕ ಗೌಡರೊಬ್ಬರನ್ನು ಕರೆತಂದಳು. ಒಂದು ಕಾಲಕ್ಕೆ ಮೇಳದ ಮುಂದಾಳಾಗಿ ಕುಣಿದವರು. ಈಗ ಎಂಬತ್ತರ ಹತ್ತಿರ. ದಣಪೆಯ ಹೊರಗೇ ನಿಂತಿದ್ದರು.

“ಒಳಗೆ ಬನ್ನಿ ಗೌಡರೇ, ಆಸರಿ ಕುಡಿಯಿರಿ,” ಎಂದೆ.

ಅವರು ಅಲುಗಲಿಲ್ಲ. ತುಳಸಿಕಟ್ಟೆಯ ಕಡೆ ನೋಡುತ್ತ ನಿಂತು, ಬಹಳ ಹೊತ್ತಿನ ಮೇಲೆ ನುಡಿದರು: “ಅಕ್ಕೋರೇ, ಆ ದಿವ್ಸ ನಿಮ್ಮ ತಮ್ಮನ ಕೈ ನನ್ನ ಕೈಲಿತ್ತು. ಕೋಲು ಬದಲು ಮಾಡೂಕೆ ಒಂದು ಚಣ ಬಿಟ್ಟೆ.”

ಐವತ್ತೊಂಬತ್ತು ವರ್ಷ ಅವರು ಅದನ್ನು ಹೊತ್ತುಕೊಂಡಿದ್ದರು. ಮದುವೆಯಾಗಿ, ಮಕ್ಕಳನ್ನು ಪಡೆದು, ಮೊಮ್ಮಕ್ಕಳನ್ನು ಕಂಡು, ಪ್ರತಿವರ್ಷ ನಮ್ಮ ದಣಪೆಯ ಮುಂದೆ ಗುಮಟೆ ತಗ್ಗಿಸುತ್ತ. ನಾನು ಜಗಲಿಯ ಮೆಟ್ಟಿಲ ಮೇಲೆ ಕುಳಿತೆ. ಶಾಲೆಯಲ್ಲಿ ಪಾಠ ಹೇಳುವ ದನಿ ತಂದುಕೊಂಡು, ರಕ್ತವೆಂದರೇನು, ಅದು ಹೇಗೆ ಹೆಪ್ಪುಗಟ್ಟುತ್ತದೆ, ನನ್ನ ತಮ್ಮನ ಮೈಯಲ್ಲಿ ಏನಿರಲಿಲ್ಲ ಎಂಬುದನ್ನೆಲ್ಲ ವಿವರಿಸಿದೆ. ಬೇರೆ ಹುಡುಗನಾಗಿದ್ದರೆ ಹಣೆಯಲ್ಲಿ ಬುಗುಟು ಎದ್ದು ಸಂಜೆಗೆ ಮತ್ತೆ ಆಡಲು ಹೋಗುತ್ತಿದ್ದನೆಂದೆ. ಆ ಅಂಶ ನಮ್ಮ ಮನೆಯ ಹೆಂಗಸರ ಕಡೆಯಿಂದ ತಪ್ಪಿದ್ದೆಂದೂ ಹೇಳಿದೆ. ಅವರು ಎಲ್ಲವನ್ನೂ ಕೇಳಿ, “ಹಂಗಾದ್ರೆ ನಿಮ್ಮ ತಪ್ಪೂ ಅಲ್ಲ ಅಂದಂಗಾಯ್ತು,” ಎಂದರು. ಡಾಕ್ಟರುಗಳು ಒಂಬತ್ತು ವರ್ಷದಿಂದ ಹೇಳುತ್ತಿದ್ದುದೂ ಅದನ್ನೇ. ಆ ದಿನ ಮೊದಲ ಸಲ ಅದು ನನ್ನ ಕಿವಿಗೆ ಬಿತ್ತು.

ಅವರು ಒಳಗೆ ಬಂದರು. ನೀರು ಬೆಲ್ಲ ತೆಗೆದುಕೊಂಡರು.

ಅಭ್ಯಾಸ ನಡೆದದ್ದು ರಕ್ತ ಮತ್ತು ಸೀಸೆಗಳ ತಾರೀಖು ನೋಡಿ. ನಮ್ಮವನಿಗೆ ಚುಚ್ಚುಮದ್ದಿನ ದಿನ, ಅದರಲ್ಲಿಯೂ ಹುಡುಗಿಗೆ ರಕ್ತ ಏರಿಸಿದ ಮೊದಲೆರಡು ವಾರ. ಗೌಡರು ಕುಣಿತದಿಂದ ಜಿಗಿತವನ್ನೆಲ್ಲ ತೆಗೆದುಹಾಕಿದರು. “ನೆಲ ತುಳಿಬೇಡ ತಮಾ, ಸಗಣಿ ಸಾರಿಸಿದಂಗೆ ಕಾಲು ಇಡು,” ಎಂದು ತಾವೇ ಮಾಡಿ ತೋರಿಸುತ್ತಿದ್ದರು. ಕೋಲುಗಳಿಗೆ ಹಳೆಯ ಸೀರೆಯ ಅಂಚನ್ನು ಸುತ್ತಿದರು. ತುರಾಯಿಯ ಮಾತಿನಲ್ಲಿ ಮಾತ್ರ ಬಿಗಿ. ಅದಕ್ಕೆ ನೇಮವುಂಟು, ಆಟಕ್ಕೆ ತೊಡಿಸುವಂತಿಲ್ಲವೆಂದರು; ನನಗೆ ಅದೇ ಬೇಕಾಗಿತ್ತು, ತಲೆಯ ಮೇಲೆ ಭಾರ ಬೇಡ. ಮಕ್ಕಳು ಬಣ್ಣದ ಕಾಗದದ ಟೊಪ್ಪಿಗೆ ಮಾಡಿಕೊಂಡರು. ಸುಗ್ಗಿಯಲ್ಲಿ ಹೆಣ್ಣುಮಕ್ಕಳು ಕುಣಿಯುವ ಪದ್ಧತಿಯಿಲ್ಲ. ಗೌಡರು ಒಂದು ದಿನ ಯೋಚಿಸಿ, ಸುತ್ತಿನ ನಡುವೆ ಹುಡುಗಿ ತನ್ನ ಫುಗಡಿಯನ್ನೇ ಹಾಕಲಿ, ಅದು ಬೇರೆ ಇದು ಬೇರೆ, ಎಂದು ತೀರ್ಪು ಕೊಟ್ಟರು. ಗುಮಟೆ ಗಾಲಿಕುರ್ಚಿಯ ಹುಡುಗನ ತೊಡೆಯ ಮೇಲೇರಿತು. ಅವನ ಕೈಗಳಲ್ಲಿ ಇನ್ನೂ ಬಲವಿತ್ತು. ಎಷ್ಟು ವರ್ಷವೆಂದು ಅವನ ತಂದೆ ಲೆಕ್ಕ ಹಾಕುತ್ತಿದ್ದುದನ್ನು ನಾನು ಬಲ್ಲೆ. ನನ್ನ ಮೂರು ಸೀಸೆಗಳ ಹಾಗೆ.

ಆ ನಡುವೆ, ೨೦೨೫ರ ಫೆಬ್ರವರಿಯಲ್ಲಿ, ಬಡಗೇರಿಯ ಸುಕ್ರಜ್ಜಿ ತೀರಿಕೊಂಡರು. ಹಾಲಕ್ಕಿ ಹಾಡುಗಳ ಕಣಜವೆನ್ನಿಸಿದ, ೨೦೧೭ರಲ್ಲಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡರು. ಗೌಡರು ಒಂದು ವಾರ ಬರಲಿಲ್ಲ. ಬಂದ ದಿನ ಮಾತಾಡದೆ ಗುಮಟೆಯ ಚರ್ಮವನ್ನು ಬಿಸಿಲಿಗೆ ಹಿಡಿದು ಹದ ಮಾಡುತ್ತ ಕುಳಿತರು.

ಹೋಳಿ ಹುಣ್ಣಿಮೆಗೆ ನಾಲ್ಕು ದಿನ ಇರುವಾಗ, ಭಾನುವಾರ ಸಂಜೆ, ನಮ್ಮ ಅಂಗಳದಲ್ಲಿ ಕುಣಿತವಾಯಿತು. ನೋಡಲು ಬಂದವರು ಇಪ್ಪತ್ತು ಜನವಿದ್ದರೆ ಹೆಚ್ಚು. ತುಳಸಿಕಟ್ಟೆಗೆ ನಾನು ಬೆಳಗ್ಗೆಯೇ ಎರಡು ಹಾಸಿಗೆ ಸುತ್ತಿಸಿದ್ದೆ, ನೋಡಿದವರೆಲ್ಲ ನಕ್ಕರು. ಹುಡುಗಿ ಏಳು ಸುತ್ತು ತಿರುಗಿ ಅಮ್ಮನ ಮಡಿಲಲ್ಲಿ ಕುಳಿತಳು. ತಂದೆ ಗಾಲಿಕುರ್ಚಿಯನ್ನು ಗತ್ತಿಗೆ ಸರಿಯಾಗಿ ಸುತ್ತಿಸುತ್ತಿದ್ದರೆ ಹುಡುಗನ ಗುಮಟೆ ಒಮ್ಮೆ ನನ್ನ ಕಡೆ, ಒಮ್ಮೆ ಬಯಲಿನ ಕಡೆ ಮೊಳಗುತ್ತಿತ್ತು. ನಮ್ಮವನ ಕೈಯನ್ನು ಗೌಡರು ಹಿಡಿದಿದ್ದರು. ಕೋಲು ಬದಲಿಸುವ ಗತ್ತು ಬಂದಾಗಲೂ ಬಿಡಲಿಲ್ಲ. ತಮ್ಮ ಕೋಲನ್ನೇ ನೆಲಕ್ಕೆ ಬಿಟ್ಟರು. ನಾನು ನೋಡಿದೆನೆಂದು ಹೇಳಲಾರೆ. ಅರ್ಧ ಹೊತ್ತು ಸೆರಗು ನನ್ನ ಕಣ್ಣ ಮೇಲಿತ್ತು.

ಬುಧವಾರ ಬೆಳಗ್ಗೆ ಹುಡುಗನ ಹರಡು ಬಿಸಿಯಾಗಿ ಬಾತಿತ್ತು. ನನ್ನ ಬಾಯಿಂದ ಏನೇನು ಮಾತು ಹೊರಟಿತೋ ಬರೆಯಲಾರೆ, ಮಗಳು ಅತ್ತಳು. ಸೀಸೆ ಬೆರೆಸಿ ಚುಚ್ಚಿದ್ದಾಯಿತು, ಮಂಜುಗಡ್ಡೆಯಿಟ್ಟು ಕಾಲನ್ನು ದಿಂಬಿನ ಮೇಲೇರಿಸಿದ್ದಾಯಿತು. ಡಾಕ್ಟರಿಗೆ ಫೋನು ಮಾಡಿದರೆ, ಭಾನುವಾರದ ಕುಣಿತಕ್ಕೆ ಬುಧವಾರ ಬಾವು ಬರುವುದು ಸಂಶಯ, ನಡುವೆ ಏನಾದರೂ ಆಯಿತೋ ಕೇಳಿ ಎಂದರು. ಕೇಳಿದೆ. ಹುಡುಗ ಗೋಡೆಯ ಕಡೆ ಮುಖ ತಿರುಗಿಸಿದ.

ಗುರುವಾರ ಸಂಜೆ ಗದ್ದೆಯ ಕಡೆಯಿಂದ ದೊಡ್ಡವರ ಮೇಳ ಬಂತು. ದಣಪೆಯ ಹತ್ತಿರ ಬಂದೊಡನೆ ವಾಡಿಕೆಯಂತೆ ಗುಮಟೆ ತಗ್ಗಿತು. ನಾನು ಅಕ್ಕಿ, ಕಾಯಿ ಇಟ್ಟ ಹರಿವಾಣವನ್ನು ಹಿಡಿದು ಹೋಗಿ ದಣಪೆಯ ಕೋಲು ಸರಿಸಿದೆ. ತರುಣರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದೆ ನಿಂತಿದ್ದ ಮುದುಕ ಗೌಡರು ಏನೋ ಅಂದರು. ತುರಾಯಿಗಳು ಒಂದೊಂದಾಗಿ ಬಾಗಿ ಒಳಗೆ ಬಂದವು.

ಹುಡುಗ ಜಗಲಿಯಲ್ಲಿ ಕಾಲನ್ನು ದಿಂಬಿನ ಮೇಲಿಟ್ಟು ಕುಳಿತಿದ್ದ. ಗುಮಟೆಯ ಗದ್ದಲದಲ್ಲಿ ನನ್ನನ್ನು ಹತ್ತಿರ ಕರೆದು ಕಿವಿಯಲ್ಲಿ ಹೇಳಿದ:

“ಅಮ್ಮಮ್ಮ, ಬೈಯೋದಿಲ್ಲ ಅಂದ್ರೆ ಹೇಳ್ತೆ. ಮಂಗಳವಾರ ಕೊಟ್ಟಿಗೆ ಗೋಡೆ ಮೇಲಿಂದ ಹಾರಿದ್ದೆ.”

“ಎಷ್ಟು ಸಲ?”

“ಮೂರು ಸಲ.”